ಆಪರೇಷನ್ ಟೇಬಲ್ ಪಕ್ಕದಲ್ಲಿ ಗಾಮಾ ಕ್ಯಾಮೆರಾ: ಪ್ರೋಬ್ ಇರುವಾಗ ಇದೂ ಬೇಕಾ?

ಆರು ಗಂಟೆ ಅರ್ಧಾಯುಷ್ಯ:
ನಾನು ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿಸ್ಟ್. ಎರಡು ತಿಂಗಳಿಂದ ನಮ್ಮಲ್ಲಿ ಕೈಯಲ್ಲಿ ಹಿಡಿಯುವ ಗಾಮಾ ಕ್ಯಾಮೆರಾ (ಮೈಗೆ ಹಾಕಿದ ರೇಡಿಯೋ ಆಕ್ಟಿವ್ ಔಷಧ ಎಲ್ಲಿದೆ ಅಂತ ಪರದೆಯಲ್ಲಿ ತೋರಿಸುವಂಥದ್ದು) ಒಂದು ಟ್ರಯಲ್‌ಗೆ ಬಂದಿದೆ. ಒಂದು ಕಿಲೋ ಆಸುಪಾಸು ತೂಕ, ಜೊತೆಗೆ ಲ್ಯಾಪ್‌ಟಾಪ್, ಉದ್ದನೆಯ ಕೇಬಲ್. ಇದನ್ನು ಓಟಿಗೆ (ಆಪರೇಷನ್ ಥಿಯೇಟರ್‌ಗೆ) ಹೊತ್ತುಕೊಂಡು ಹೋಗುವ ಕೆಲಸ ನನ್ನ ತಲೆಗೆ ಬಿದ್ದಿದೆ.

ಮೊದಲ ವಾರದಲ್ಲೇ ಮರ್ಯಾದೆ ಹೋಯಿತು. ಸ್ತನ ಕ್ಯಾನ್ಸರ್ ಕೇಸ್, ಸೆಂಟಿನೆಲ್ ನೋಡ್, ಅಂದರೆ ಗಡ್ಡೆಯಿಂದ ದುಗ್ಧರಸ ಮೊದಲು ಹರಿಯುವ ದುಗ್ಧಗ್ರಂಥಿ, ತೆಗೆಯಬೇಕಿತ್ತು. ಸರ್ಜನ್ ಪ್ರೋಬ್ (ಗಾಮಾ ಬಂದ ಕಡೆ ಸದ್ದು ಮಾಡುವ ಕೊಳವೆ) ಹಿಡಿದು ಎರಡು ನೋಡ್ ತೆಗೆದರು. 'ಕಂಕುಳು ಖಾಲಿ ಆಯ್ತಾ, ನಿಮ್ಮ ಕ್ಯಾಮೆರಾದಲ್ಲಿ ನೋಡಿ' ಅಂದರು. ಹಿಡಿದೆ. ಪರದೆಯ ಅಂಚಿನಲ್ಲಿ ಒಂದು ಚುಕ್ಕೆ. 'ಇನ್ನೊಂದಿದೆ ಸರ್' ಅಂದುಬಿಟ್ಟೆ. ಅವರು ಹತ್ತು ನಿಮಿಷ ಹುಡುಕಿದರು, ಏನೂ ಸಿಗಲಿಲ್ಲ. ಆಮೇಲೆ ನೋಡಿದರೆ ಡ್ರೇಪ್ (ರೋಗಿಯ ಮೇಲೆ ಹೊದಿಸುವ ಬಟ್ಟೆ) ಮಡಿಕೆಯಲ್ಲಿ ಒಂದು ಗಾಜ್ ಬಟ್ಟೆಯ ತುಂಡು ಸಿಕ್ಕಿಕೊಂಡಿತ್ತು. ಅವತ್ತು ರೇಡಿಯೋ ಆಕ್ಟಿವ್ ಇಂಜೆಕ್ಷನ್ ಕೊಟ್ಟಿದ್ದು ಓಟಿಯಲ್ಲೇ, ಆ ಜಾಗ ಒತ್ತಿ ಹಿಡಿದಿದ್ದ ಗಾಜ್ ಅದು. ಕ್ಯಾಮೆರಾ ಸುಳ್ಳು ಹೇಳಿರಲಿಲ್ಲ, ನಾನು ಓದಿದ್ದು ತಪ್ಪು.

ಅಂದಿನಿಂದ ಆ ಸರ್ಜನ್ ನನ್ನನ್ನು ಕಂಡರೆ ನಗುತ್ತಾರೆ. 'ಹದಿನೈದು ವರ್ಷ ಕಿವಿಯಲ್ಲೇ ಕೆಲಸ ಮಾಡಿದ್ದೇನೆ, ಈಗ ಕಣ್ಣು ಯಾಕೆ' ಅನ್ನುತ್ತಾರೆ. ನಿಜವಾಗಿ ಬಳಸುತ್ತಿರುವವರು ಹೇಳಿ. ಯಾವ ಕೇಸಿಗೆ ನೀವಾಗಿಯೇ ಕ್ಯಾಮೆರಾ ತರಿಸುತ್ತೀರಿ? ಕಂಪನಿ ಬ್ರೋಷರ್ ನನ್ನ ಹತ್ತಿರ ಇದೆ, ಅದು ಬೇಡ.

ಕತ್ತರಿ ಕೈ:
ನಿಮ್ಮ ಸರ್ಜನ್ ಹೇಳಿದ್ದರಲ್ಲಿ ತಪ್ಪೇನಿಲ್ಲ. ನಾನೂ ಸ್ತನದ ಸರ್ಜರಿ ಮಾಡುವವನೇ. ಕ್ರಾಗ್ ಮತ್ತು ಸಂಗಡಿಗರು ಗಾಮಾ ಪ್ರೋಬ್ ಹಿಡಿದು ಸ್ತನ ಕ್ಯಾನ್ಸರ್‌ನಲ್ಲಿ ಸೆಂಟಿನೆಲ್ ನೋಡ್ ಹುಡುಕಿದ್ದನ್ನು ಬರೆದದ್ದು 1993ರಲ್ಲಿ. ಅದಕ್ಕೂ ಒಂದು ವರ್ಷ ಮೊದಲು ಮಾರ್ಟನ್ ಮೆಲನೋಮಾದಲ್ಲಿ (ಒಂದು ಬಗೆಯ ಚರ್ಮದ ಕ್ಯಾನ್ಸರ್) ನೀಲಿ ಬಣ್ಣ ಹಾಕಿ ತೋರಿಸಿದ್ದರು. ಅಂದಿನಿಂದ ಜಗತ್ತಿನಲ್ಲಿ ಎಷ್ಟೋ ಜನ ಬರೀ ಸದ್ದು ಕೇಳಿಕೊಂಡೇ ನೋಡ್ ತೆಗೆದಿದ್ದಾರೆ.

ನನ್ನ ಕ್ರಮ ಇಷ್ಟೇ. ಪ್ರೋಬ್ ಇಡು, ಸದ್ದು ಜಾಸ್ತಿ ಬಂದ ಕಡೆ ಹೋಗು, ತೆಗಿ, ಹೊರಗೆ ಇಟ್ಟು ಕೌಂಟ್ (ಎಷ್ಟು ಗಾಮಾ ಬರುತ್ತಿದೆ ಅನ್ನುವ ಲೆಕ್ಕ) ನೋಡು. ಎಲ್ಲಕ್ಕಿಂತ ಬಿಸಿ, ಅಂದರೆ ಅತಿ ಹೆಚ್ಚು ಕೌಂಟ್ ಬಂದ ನೋಡ್‌ನ ಹತ್ತರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಕೌಂಟ್ ಇರುವುದು ಒಳಗೆ ಉಳಿದಿದ್ದರೆ ಅದನ್ನೂ ತೆಗಿ. ಕಂಕುಳಲ್ಲಿ ಸಾಮಾನ್ಯವಾಗಿ ಒಂದರಿಂದ ಮೂರು ನೋಡ್. ಅದಕ್ಕೆ ಪರದೆ, ಕೇಬಲ್, ಇನ್ನೊಬ್ಬ ಮನುಷ್ಯ, ಇಷ್ಟೆಲ್ಲ ಯಾಕೆ ಅಂತ.

ಇನ್ನೊಂದು. ಬೆರಳು ಹಾಕಿ ನೋಡುವುದನ್ನು ಮರೆಯಬೇಡಿ. ಕ್ಯಾನ್ಸರ್ ಪೂರ್ತಿ ತುಂಬಿಕೊಂಡ ನೋಡ್ ಒಳಗೆ ಔಷಧ ಹೋಗದೆಯೇ ಇರಬಹುದು. ಆಗ ಪ್ರೋಬೂ ಸುಮ್ಮನಿರುತ್ತದೆ, ಕ್ಯಾಮೆರಾದಲ್ಲೂ ಕತ್ತಲೆ. ಬೆರಳಿಗೆ ಮಾತ್ರ ಗಟ್ಟಿಯಾಗಿ ಸಿಗುತ್ತದೆ.

ಕೊಲಿಮೇಟರ್ ಪುರಾಣ:
ಡಾಕ್ಟ್ರೇ, ನೀವು ಹೇಳಿದ್ದು ಕಂಕುಳಿಗೆ ಸರಿ. ಆದರೆ ಪ್ರೋಬ್ ಮತ್ತು ಕ್ಯಾಮೆರಾ ಉತ್ತರ ಕೊಡುವ ಪ್ರಶ್ನೆಗಳೇ ಬೇರೆ. ನಾನು ಮೆಡಿಕಲ್ ಫಿಸಿಸಿಸ್ಟ್, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರವಾದರೆ ಮುಂದಕ್ಕೆ ಹೋಗಿ.

ಪ್ರೋಬ್ ಅಂದರೆ ಕೊಳವೆಯ ತುದಿಯಲ್ಲಿ ಒಂದೇ ಡಿಟೆಕ್ಟರ್. ತುದಿ ತೋರಿಸಿದ ಕಡೆ ಎಷ್ಟು ಗಾಮಾ ಬರುತ್ತಿದೆ ಅಂತ ಒಂದು ಸಂಖ್ಯೆ ಹೇಳುತ್ತದೆ. ನೀವು ಎಲ್ಲಿ ತೋರಿಸಲಿಲ್ಲವೋ ಅಲ್ಲೇನಿದೆ ಅಂತ ಅದಕ್ಕೆ ಗೊತ್ತಿಲ್ಲ. ಕ್ಯಾಮೆರಾ ಒಂದು ಪೂರ್ತಿ ಜಾಗವನ್ನು ಒಟ್ಟಿಗೆ ನೋಡುತ್ತದೆ. 1950ರ ದಶಕದ ಕೊನೆಯಲ್ಲಿ ಹಾಲ್ ಆಂಗರ್ ಬರ್ಕ್ಲಿಯಲ್ಲಿ ಕಟ್ಟಿದ ಕ್ಯಾಮೆರಾದ ತತ್ವವೇ ಇದು: ಸೀಸದಂಥ ಭಾರದ ಲೋಹದ ಕೊಲಿಮೇಟರ್ (ತೂತುಗಳ ದಿಕ್ಕಿನಲ್ಲಿ ಬಂದ ಗಾಮಾವನ್ನು ಮಾತ್ರ ಒಳಬಿಡುವ ತಡೆ), ಹಿಂದೆ ಹರಳು, ಹರಳಿನಲ್ಲಿ ಎಲ್ಲಿ ಮಿಂಚಿತು ಅಂತ ಲೆಕ್ಕ ಹಾಕುವ ಎಲೆಕ್ಟ್ರಾನಿಕ್ಸ್. ದೊಡ್ಡ ಕ್ಯಾಮೆರಾ ರೂಮು ತುಂಬುತ್ತದೆ, ಇದು ಕೈಗೆ ಬಂದಿದೆ.

ಈಗ ನಿಮ್ಮದು ಯಾವ ಜಾತಿ ಅಂತ ನೋಡಿಕೊಳ್ಳಿ, ಇದು ತುಂಬಾ ಮುಖ್ಯ. ಸ್ಪೇನ್‌ನ ಸೆಂಟಿನೆಲ್ಲಾದಂಥವು ಪಿನ್‌ಹೋಲ್. ಒಂದೇ ಸಣ್ಣ ತೂತು, ಹಿಂದೆ ಸೀಸಿಯಂ ಅಯೋಡೈಡ್ ಹರಳು. ಹಿಂದಕ್ಕೆ ಹೋದಷ್ಟೂ ನೋಟ ಅಗಲವಾಗುತ್ತದೆ. ದೂರ ಎರಡು ಪಟ್ಟು ಮಾಡಿ, ಕಾಣುವ ಚೌಕದ ಅಂಚೂ ಎರಡು ಪಟ್ಟು. ಆದರೆ ಕೌಂಟ್ ಕಾಲು ಭಾಗಕ್ಕೆ ಇಳಿಯುತ್ತದೆ, ಚಿತ್ರವೂ ಮಸುಕಾಗುತ್ತದೆ. ಜರ್ಮನಿಯ ಕ್ರಿಸ್ಟಲ್‌ಕ್ಯಾಮ್ ಇನ್ನೊಂದು ಜಾತಿ. ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡ್ ಡಿಟೆಕ್ಟರ್, 16 ಗುಣಿಸು 16 ಪಿಕ್ಸೆಲ್, ಮುಂದೆ ಸಮಾನಾಂತರ ತೂತುಗಳ ಕೊಲಿಮೇಟರ್. ಅದು ನೋಡುವುದು ಯಾವಾಗಲೂ ಸುಮಾರು 4 ಸೆಂಮೀ ಚೌಕ ಅಷ್ಟೇ. ಹಿಂದೆ ಸರಿದರೆ ಕೌಂಟ್ ಅಷ್ಟೇನೂ ಇಳಿಯುವುದಿಲ್ಲ, ಚಿತ್ರ ಮಾತ್ರ ಕದಡುತ್ತದೆ. ಹಾಗಾಗಿ ಅದನ್ನು ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿಯಬೇಕು, ಪಿನ್‌ಹೋಲನ್ನು ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ.

ಎರಡನ್ನೂ ಒಂದೇ ರೀತಿ ಹಿಡಿಯುವವರನ್ನು ನಾನು ನೋಡಿದ್ದೇನೆ. ಆಮೇಲೆ ಕ್ಯಾಮೆರಾ ಸರಿ ಇಲ್ಲ ಅನ್ನುತ್ತಾರೆ.

ಮೊದಲ ವರ್ಷ ಪಿಜಿ:
ಒಂದು ದಡ್ಡ ಪ್ರಶ್ನೆ. ಬೆಳಿಗ್ಗೆ ದೊಡ್ಡ ಕ್ಯಾಮೆರಾದಲ್ಲಿ ಸ್ಪೆಕ್ಟ್ ಸಿಟಿ (ಗಾಮಾ ಚಿತ್ರ, ಸಿಟಿ ಚಿತ್ರ ಎರಡೂ ಸೇರಿದ ಸ್ಕ್ಯಾನ್) ತೆಗೆದಿರುತ್ತಾರಲ್ಲ, ಅದರಲ್ಲಿ ನೋಡ್ ಎಲ್ಲಿದೆ ಅಂತ ಮೂರು ಆಯಾಮದಲ್ಲಿ ಕಾಣುತ್ತದೆ. ಮತ್ತೆ ಓಟಿಯಲ್ಲಿ ಯಾಕೆ?

ಕೊಲಿಮೇಟರ್ ಪುರಾಣ:
ದಡ್ಡ ಪ್ರಶ್ನೆ ಅಲ್ಲ. ಬೆಳಿಗ್ಗೆ ಚಿತ್ರ ತೆಗೆಯುವಾಗ ಕೈ ಎಲ್ಲಿತ್ತು, ಟೇಬಲ್ ಮೇಲೆ ಎಲ್ಲಿದೆ? ಕುತ್ತಿಗೆ ತಿರುಗಿಸಿದರೆ ಒಳಗಿನದೆಲ್ಲ ಜರುಗುತ್ತದೆ. ಸರ್ಜನ್ ಚರ್ಮ ಬಿಡಿಸಿ, ರಿಟ್ರಾಕ್ಟರ್ (ಗಾಯ ಅಗಲಿಸಿ ಹಿಡಿಯುವ ಲೋಹದ ಸಾಧನ) ಹಾಕಿ ಎಳೆದ ಮೇಲಂತೂ ಬೆಳಗಿನ ನಕ್ಷೆಯ ಬೀದಿಗಳೇ ಬದಲಾಗಿರುತ್ತವೆ. ಇನ್ನೊಂದು, ಬೆಳಗಿನ ಚಿತ್ರ 'ಏನಿತ್ತು' ಅಂತ ಹೇಳುತ್ತದೆ. 'ಏನು ಉಳಿಯಿತು' ಅಂತ ಅದು ಹೇಳಲಾರದು. ನನ್ನ ಪ್ರಕಾರ ಈ ಸಣ್ಣ ಕ್ಯಾಮೆರಾ ಅನ್ನ ತಿನ್ನುವುದೇ ಆ ಎರಡನೇ ಪ್ರಶ್ನೆಯಿಂದ.

ಕುತ್ತಿಗೆ ಕೆಲಸ:
ಹೌದು, ಹೌದು. ಕತ್ತರಿ ಕೈ ಅವರು ಕಂಕುಳಲ್ಲಿ ಆರಾಮಾಗಿದ್ದಾರೆ. ಒಂದು ದಿನ ಬಾಯಿಯ ತಳದ ಕ್ಯಾನ್ಸರ್ ಕೇಸಿಗೆ ಬನ್ನಿ ಸರ್.

ನಾಲಿಗೆ ಕೆಳಗೆ ಇಂಜೆಕ್ಷನ್ ಹಾಕಿರುತ್ತೇವೆ. ಮೊದಲ ನೋಡ್ ದವಡೆ ಕೆಳಗೆ, ಅಲ್ಲಿಂದ ಎರಡು ಮೂರು ಸೆಂಮೀ ದೂರ. ಹಾಕಿದ ಔಷಧದಲ್ಲಿ ನೋಡ್‌ಗೆ ಹೋಗಿ ಕೂರುವುದು ಹೆಚ್ಚಾಗಿ 1 ಪ್ರತಿಶತದ ಆಸುಪಾಸು, ಕೆಲವೊಮ್ಮೆ ಅದಕ್ಕೂ ಕಡಿಮೆ. ಉಳಿದದ್ದು ಹಾಕಿದ ಜಾಗದಲ್ಲೇ ಉರಿಯುತ್ತಿರುತ್ತದೆ. ಸೂರ್ಯನ ಪಕ್ಕ ಮಿಂಚುಹುಳ ಹುಡುಕಿದ ಹಾಗೆ. ಪ್ರೋಬ್ ಎಲ್ಲಿಟ್ಟರೂ ಕಿರುಚುತ್ತದೆ, ಅದು ನೋಡ್‌ಗೆ ಕಿರುಚುತ್ತಿದೆಯೋ ಇಂಜೆಕ್ಷನ್ ಜಾಗಕ್ಕೋ ಹೇಳುವುದು ಹೇಗೆ? ಕ್ಯಾಮೆರಾ ಕೋನ ಬದಲಿಸಿ ಹಿಡಿದರೆ, ಅಂದರೆ ಮುಂದಿನಿಂದ ಅಲ್ಲ, ಪಕ್ಕದಿಂದ, ಕೆಳಗಿನಿಂದ, ಒಂದು ದೊಡ್ಡ ಮಚ್ಚೆಯ ಬಗಲಲ್ಲಿ ಸಣ್ಣ ಮಚ್ಚೆ ಬಿಡಿಯಾಗಿ ಕಾಣುವ ಒಂದು ದಿಕ್ಕು ಸಿಗುತ್ತದೆ. ಯಾವಾಗಲೂ ಸಿಗುತ್ತದೆ ಅನ್ನಲಾರೆ. ಸಿಗದೇ ಇದ್ದಾಗ ಮೊದಲು ಗಡ್ಡೆಯನ್ನೇ ತೆಗೆದುಬಿಡುತ್ತೇನೆ, ಇಂಜೆಕ್ಷನ್ ಜಾಗವೂ ಅದರ ಜೊತೆ ಹೋಗುತ್ತದೆ, ಆಮೇಲೆ ಕುತ್ತಿಗೆ ನೋಡುತ್ತೇನೆ.

ಪ್ಯಾರಾಥೈರಾಯ್ಡ್, ಅಂದರೆ ಥೈರಾಯ್ಡ್ ಹಿಂದಿನ ಸಣ್ಣ ಗ್ರಂಥಿಗಳು, ಇನ್ನೊಂದು. ಸೆಸ್ಟಮಿಬಿ (ಇದಕ್ಕೆ ಬಳಸುವ ರೇಡಿಯೋ ಆಕ್ಟಿವ್ ಔಷಧ) ಕೊಟ್ಟು ಒಂದೆರಡು ಗಂಟೆ ಬಿಟ್ಟರೆ ಥೈರಾಯ್ಡ್‌ನಿಂದ ಬೇಗ ತೊಳೆದು ಹೋಗುತ್ತದೆ, ಊದಿಕೊಂಡ ಪ್ಯಾರಾಥೈರಾಯ್ಡ್‌ನಲ್ಲಿ ನಿಲ್ಲುತ್ತದೆ. ನಿಲ್ಲಬೇಕು, ಎಲ್ಲರಲ್ಲೂ ನಿಲ್ಲುವುದಿಲ್ಲ. ಒಮ್ಮೆ ಆಪರೇಷನ್ ಆಗಿ ಮತ್ತೆ ಬಂದವರ ಕುತ್ತಿಗೆ ಒಳಗೆಲ್ಲ ಗಾಯದ ನಾರು ತುಂಬಿರುತ್ತದೆ, ಅಥವಾ ಗ್ರಂಥಿ ಎದೆಯೊಳಗೆ ಇಳಿದು ಕೂತಿರುತ್ತದೆ. ಅಂಥಲ್ಲಿ ಕ್ಯಾಮೆರಾ ದಿಕ್ಕು ತೋರಿಸುತ್ತದೆ. ಹಾಗಂತ ಹಾರ್ಮೋನ್ ಪರೀಕ್ಷೆ ಬಿಡುವುದಿಲ್ಲ. ಗ್ರಂಥಿ ತೆಗೆದ 10 ನಿಮಿಷಕ್ಕೆ ಪಿಟಿಎಚ್ (ಆ ಗ್ರಂಥಿಯ ಹಾರ್ಮೋನ್) ಅರ್ಧಕ್ಕಿಂತ ಕೆಳಗೆ ಇಳಿಯಿತಾ ಅಂತ ನೋಡಿಯೇ ಹೊಲಿಗೆ.

ಓಟಿ ಸಿಸ್ಟರ್:
ನೀವೆಲ್ಲ ದೊಡ್ಡ ದೊಡ್ಡ ಮಾತಾಡುತ್ತಿದ್ದೀರಿ. ಆ ಯಂತ್ರಕ್ಕೆ ಕವರ್ ಹಾಕುವವಳು ನಾನು.

ಕ್ಯಾಮೆರಾ ಸ್ಟೆರೈಲ್ ಅಲ್ಲ. ಅಲ್ಟ್ರಾಸೌಂಡ್ ಪ್ರೋಬ್‌ಗೆ ಹಾಕುವಂಥ ಉದ್ದದ ಕವರ್ ಹಾಕಿ ಒಳಗೆ ಕೊಡುತ್ತೇವೆ. ಕೇಬಲ್ ಸಮೇತ ಮುಚ್ಚಬೇಕು. ಮೊದಲೇ ಹೇಳದೆ ನಡುವಿನಲ್ಲಿ 'ಕ್ಯಾಮೆರಾ ತನ್ನಿ' ಅಂದರೆ ಅರಿವಳಿಕೆ ಡಾಕ್ಟರ್ ನನ್ನನ್ನು ನೋಡುವ ನೋಟ ನೋಡಬೇಕು ನೀವು. ಸ್ಟ್ಯಾಂಡ್ ಇದ್ದರೆ ಅದು ಯಾವ ಕಡೆ ನಿಲ್ಲಬೇಕು ಅಂತ ರೋಗಿಯನ್ನು ಮಲಗಿಸುವ ಮೊದಲೇ ತೀರ್ಮಾನ ಆಗಬೇಕು. ಇಲ್ಲದಿದ್ದರೆ ಡಯಾಥರ್ಮಿ (ವಿದ್ಯುತ್ತಿನಿಂದ ಸುಟ್ಟು ರಕ್ತ ನಿಲ್ಲಿಸುವ) ಯಂತ್ರ, ಲೈಟು, ಇದು, ಎಲ್ಲ ಒಂದಕ್ಕೊಂದು ಬಡಿದಾಡುತ್ತವೆ.

ಗಾಜ್ ವಿಷಯ ನಮ್ಮಲ್ಲೂ ಆಗಿದೆ. ಅದಕ್ಕೇ ಇಂಜೆಕ್ಷನ್ ಓಟಿಯಲ್ಲಿ ಕೊಟ್ಟರೆ ಆ ಗಾಜ್, ಆ ಸಿರಿಂಜ್, ಆ ಗ್ಲೌಸ್ ಎಲ್ಲ ಬೇರೆ ಚೀಲಕ್ಕೆ ಹಾಕಿ ಟೇಬಲ್‌ನಿಂದ ದೂರ ಇಡಿಸುತ್ತೇನೆ. ತೆಗೆದ ನೋಡ್ ಟ್ರೇಯಲ್ಲೇ ಇಟ್ಟುಕೊಂಡು ಗಾಯದ ಚಿತ್ರ ತೆಗೆಯುವವರೂ ಇದ್ದಾರೆ! ಚುಕ್ಕೆ ಬರದೇ ಏನಾಗುತ್ತದೆ?

ಆರು ಗಂಟೆ ಅರ್ಧಾಯುಷ್ಯ:
ಸಿಸ್ಟರ್, ಆ ಕೊನೆಯ ತಪ್ಪನ್ನೂ ನಾನು ಮಾಡಿದ್ದೇನೆ, ಬರೆಯಲು ನಾಚಿಕೆ ಆಗಿತ್ತು. 🙂

ಕುತ್ತಿಗೆ ಕೆಲಸ ಅವರೇ, ಒಂದು ಅನುಮಾನ. ಇಂಜೆಕ್ಷನ್ ಜಾಗದ ಹೊಳಪನ್ನು ಎನರ್ಜಿ ವಿಂಡೋ (ಎಷ್ಟು ಶಕ್ತಿಯ ಗಾಮಾವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನುವ ಮಿತಿ) ಚಿಕ್ಕದು ಮಾಡಿ ಕಡಿಮೆ ಮಾಡಬಹುದು ಅಂತ ಕಂಪನಿಯವರು ಹೇಳಿದ್ದರು. ಮಾಡಿ ನೋಡಿದೆ, ಅಂಥಾ ವ್ಯತ್ಯಾಸ ಕಾಣಲಿಲ್ಲ.

ಕೊಲಿಮೇಟರ್ ಪುರಾಣ:
ಇದಕ್ಕೆ ನಾನು ಹೇಳುತ್ತೇನೆ. ಇಂಜೆಕ್ಷನ್‌ನಲ್ಲಿರುವ ರೇಡಿಯೋ ಆಕ್ಟಿವ್ ವಸ್ತು ಟೆಕ್ನೀಶಿಯಂ 99ಎಂ ಬಿಡುವುದು 140 ಕೆಇವಿ (ಗಾಮಾದ ಶಕ್ತಿಯ ಅಳತೆ) ಗಾಮಾ. ಅದು ಮೈಯೊಳಗೆ ಬಡಿದು ದಿಕ್ಕು ಬದಲಿಸಿದರೆ ಶಕ್ತಿ ಕಳೆದುಕೊಳ್ಳುತ್ತದೆ, ಕಳೆದುಕೊಂಡದ್ದನ್ನು ಬಿಟ್ಟುಬಿಡೋಣ ಅನ್ನುವುದು ವಿಂಡೋದ ಉಪಾಯ. ಆದರೆ ಲೆಕ್ಕ ಹಾಕಿ ನೋಡಿ. 30 ಡಿಗ್ರಿ ತಿರುಗಿದ್ದಕ್ಕೆ ಇನ್ನೂ 135 ಕೆಇವಿ ಉಳಿದಿರುತ್ತದೆ. 45 ಡಿಗ್ರಿಗೆ ಸುಮಾರು 130. ಸಾಮಾನ್ಯವಾಗಿ ಇಡುವ 20 ಪ್ರತಿಶತ ವಿಂಡೋ 126ರಿಂದ 154ರ ತನಕ. ಎರಡೂ ಒಳಗೇ ಬಂದುಬಿಡುತ್ತವೆ! ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡ್‌ನದ್ದು ಶಕ್ತಿ ಗುರುತಿಸುವುದರಲ್ಲಿ ಚುರುಕು, ಅಲ್ಲಿ ವಿಂಡೋ ಕಿರಿದು ಮಾಡಿದರೆ ಸ್ವಲ್ಪ ಲಾಭ ಇದೆ. ಹರಳಿನ ಕ್ಯಾಮೆರಾದಲ್ಲಿ ಕಿರಿದು ಮಾಡಿದರೆ ಒಳ್ಳೆಯ ಕೌಂಟೂ ಕಳೆದುಹೋಗುತ್ತದೆ, ಚಿತ್ರಕ್ಕೆ ಇನ್ನೂ ಜಾಸ್ತಿ ಹೊತ್ತು ಕಾಯಬೇಕು.

ಅದಕ್ಕಿಂತ ಒಂದು ಸಣ್ಣ ಸೀಸದ ತಗಡು ಸ್ಟೆರೈಲ್ ಚೀಲದಲ್ಲಿ ಹಾಕಿ ಇಂಜೆಕ್ಷನ್ ಜಾಗದ ಮೇಲೆ ಇಡಿ. 140 ಕೆಇವಿಗೆ ಸೀಸ ಒಳ್ಳೆಯ ಗೋಡೆ, ಒಂದೆರಡು ಮಿಲಿಮೀಟರ್ ಸಾಕು. ಅಗ್ಗದ ಉಪಾಯ, ಕೋನ ಬದಲಿಸುವುದರ ಜೊತೆ ಮಾಡಿದರೆ ಜಾಸ್ತಿ ಕೆಲಸ ಮಾಡುತ್ತದೆ.

ಅಮ್ಮನ ಜೊತೆಗೆ:
ಕ್ಷಮಿಸಿ, ನಾನು ಡಾಕ್ಟರ್ ಅಲ್ಲ. ಅಮ್ಮನಿಗೆ ಮುಂದಿನ ವಾರ ಇದೇ ಸೆಂಟಿನೆಲ್ ನೋಡ್ ಆಪರೇಷನ್. ರೇಡಿಯೋ ಆಕ್ಟಿವ್ ಇಂಜೆಕ್ಷನ್ ಅಂದ ಕೂಡಲೇ ಅವರು ಹೆದರಿಬಿಟ್ಟಿದ್ದಾರೆ. ಕ್ಯಾಮೆರಾ ಹಿಡಿದರೆ ಇನ್ನೂ ಜಾಸ್ತಿ ರೇಡಿಯೇಷನ್ ಬೀಳುತ್ತದಾ? ಚುಕ್ಕೆ ಹೊಳೆದರೆ ಅಲ್ಲಿ ಕ್ಯಾನ್ಸರ್ ಇದೆ ಅಂತಲಾ?

ಕುತ್ತಿಗೆ ಕೆಲಸ:
ಎರಡನೆಯದು ಮೊದಲು. ಖಂಡಿತ ಅಲ್ಲಮ್ಮ. ಗಡ್ಡೆ ಇರುವ ಜಾಗದಿಂದ ದುಗ್ಧರಸ ಮೊದಲು ಯಾವ ನೋಡ್‌ಗೆ ಹರಿಯುತ್ತದೆ ಅಂತ ಆ ಚುಕ್ಕೆ ತೋರಿಸುತ್ತದೆ ಅಷ್ಟೇ. ಆ ನೋಡ್‌ನಲ್ಲಿ ಕ್ಯಾನ್ಸರ್ ಇದೆಯೋ ಇಲ್ಲವೋ ಹೇಳುವುದು ಪ್ಯಾಥಾಲಜಿಯವರು, ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಚೆನ್ನಾಗಿ ಹೊಳೆದ ಎಷ್ಟೋ ನೋಡ್‌ಗಳಲ್ಲಿ ಏನೂ ಇರುವುದಿಲ್ಲ.

ಕೊಲಿಮೇಟರ್ ಪುರಾಣ:
ಮೊದಲನೆಯದಕ್ಕೆ: ಕ್ಯಾಮೆರಾ ಏನನ್ನೂ ಬಿಡುವುದಿಲ್ಲ, ಬರುವುದನ್ನು ನೋಡುತ್ತದೆ ಅಷ್ಟೇ. ಎಕ್ಸ್‌ರೇ ಯಂತ್ರದ ಹಾಗಲ್ಲ. ಎಷ್ಟು ಹೊತ್ತು ಹಿಡಿದರೂ ಅಮ್ಮನಿಗೆ ಒಂದು ಚೂರೂ ಜಾಸ್ತಿ ಆಗುವುದಿಲ್ಲ. ಇಂಜೆಕ್ಷನ್‌ನಲ್ಲಿ ಹಾಕುವುದು ಹತ್ತಾರು ಮೆಗಾಬೆಕರೆಲ್ (ರೇಡಿಯೋ ಆಕ್ಟಿವ್ ಪ್ರಮಾಣದ ಅಳತೆ). ಮೂಳೆ ಸ್ಕ್ಯಾನ್‌ಗೆ ಕೊಡುವುದು ನೂರಾರು. ಆರು ಗಂಟೆಗೊಮ್ಮೆ ಅರ್ಧ ಆಗುತ್ತದೆ, ಒಂದು ದಿನದಲ್ಲಿ ಹದಿನಾರರಲ್ಲಿ ಒಂದು ಭಾಗ ಉಳಿಯುತ್ತದೆ. ನಿಮ್ಮ ಡಾಕ್ಟರ್ ಏನಾದರೂ ಬೇರೆ ಸೂಚನೆ ಕೊಟ್ಟಿದ್ದರೆ ಅದನ್ನು ಪಾಲಿಸಿ, ಉಳಿದಂತೆ ಅಮ್ಮನ ಪಕ್ಕ ಕೂತು ಕೈ ಹಿಡಿದುಕೊಳ್ಳಬಹುದು.

ಅಮ್ಮನ ಜೊತೆಗೆ:
ಇದನ್ನೇ ಅವರಿಗೆ ಓದಿ ಹೇಳಿದೆ. 'ಬರೀ ನೋಡುತ್ತದಂತೆ, ನೋಡಲಿ ಬಿಡು' ಅಂದರು. ಥ್ಯಾಂಕ್ಸ್ ಎಲ್ಲರಿಗೂ.

ಹಸಿರು ಬೆಳಕು:
ತಡವಾಗಿ ಬಂದೆ. ಇದೆಲ್ಲ ಇನ್ನೈದು ವರ್ಷದ ಆಟ ಅಂತ ನನಗೆ ಅನ್ನಿಸುತ್ತದೆ. ಐಸಿಜಿ (ಇಂಡೋಸಯನೈನ್ ಗ್ರೀನ್ ಅನ್ನುವ ಹೊಳೆಯುವ ಬಣ್ಣ) ಹಾಕಿ, ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ನೋಡಿ, ನೋಡ್ ಕಣ್ಣೆದುರೇ ಹೊಳೆಯುತ್ತದೆ. ನ್ಯೂಕ್ಲಿಯರ್ ವಿಭಾಗ ಬೇಡ, ಲೈಸೆನ್ಸ್ ಬೇಡ, ಅರ್ಧಾಯುಷ್ಯದ ಲೆಕ್ಕ ಬೇಡ.

ಕುತ್ತಿಗೆ ಕೆಲಸ:
ಐಸಿಜಿ ನನಗೂ ಇಷ್ಟ. ಆದರೆ ಆ ಬೆಳಕು ಅಂಗಾಂಶದೊಳಗಿಂದ ಒಂದು ಸೆಂಮೀ ದಾಟಿ ಬರುವುದು ಕಷ್ಟ. ಗಾಮಾ ಹಾಗಲ್ಲ, ನಾಲ್ಕೂವರೆ ಸೆಂಮೀ ದಾಟಿದರೂ ಸುಮಾರು ಅರ್ಧ ಹೊರಗೆ ಬರುತ್ತದೆ. ದಪ್ಪ ಮೈಯವರ ಕಂಕುಳು, ಹೊಟ್ಟೆಯೊಳಗಿನ ನೋಡ್, ಅಲ್ಲೆಲ್ಲ ಚರ್ಮದ ಮೇಲಿಂದ ಐಸಿಜಿ ಏನೂ ತೋರಿಸುವುದಿಲ್ಲ. ಎಲ್ಲಿ ಕೊಯ್ಯಬೇಕು ಅಂತ ತಿಳಿಯುವುದೇ ಮುಖ್ಯ ಅಲ್ವಾ? ನೆದರ್‌ಲೆಂಡ್ಸ್ ತಂಡಗಳು ಎರಡನ್ನೂ ಸೇರಿಸಿದವು: ನ್ಯಾನೋಕೊಲಾಯ್ಡ್‌ನಲ್ಲಿ (ನೋಡ್‌ಗೆ ಹರಿದು ಹೋಗುವ ಅತಿ ಸಣ್ಣ ಕಣಗಳು) ಟೆಕ್ನೀಶಿಯಮ್ಮೂ ಇದೆ, ಐಸಿಜಿಯೂ ಇದೆ. ದೂರದಿಂದ ಗಾಮಾ ದಾರಿ ತೋರಿಸುತ್ತದೆ, ಹತ್ತಿರ ಬಂದ ಮೇಲೆ ಬೆಳಕು. ಜಗಳ ಯಾಕೆ, ಎರಡೂ ಇರಲಿ.

ಕೊಲಿಮೇಟರ್ ಪುರಾಣ:
ಸೇರಿಸುವ ವಿಷಯ ಬಂತಲ್ಲ, ಇನ್ನೊಂದು ಮಾತು. ಗಾಮಾ ಚಿತ್ರದ ದೊಡ್ಡ ಕೊರತೆ ಅಂದರೆ ಅದರಲ್ಲಿ ಮೈ ಕಾಣುವುದಿಲ್ಲ. ಕಪ್ಪು ಪರದೆ, ಒಂದು ಚುಕ್ಕೆ. ಅದು ಎಲ್ಲಿಯ ಚುಕ್ಕೆ? ಕೆಲವು ಕ್ಯಾಮೆರಾದಲ್ಲಿ ಗ್ಯಾಡೊಲಿನಿಯಂ 153ರ ಸಣ್ಣ ಪಾಯಿಂಟರ್ ಬಳಸುತ್ತಾರೆ. ಅದರ ಶಕ್ತಿ 100 ಕೆಇವಿ ಆಸುಪಾಸು, ಹಾಗಾಗಿ ಪರದೆಯಲ್ಲಿ ಬೇರೆ ಗುರುತಾಗಿ ತೋರಿಸಬಹುದು. ಪಾಯಿಂಟರ್ ಗುರುತು ಚುಕ್ಕೆಯ ಮೇಲೆ ಬರುವ ತನಕ ಸರಿಸಿದರೆ ಚರ್ಮದ ಮೇಲೆ ಆ ಜಾಗ ಸಿಕ್ಕಿತು. ಲೆಸ್ಟರ್, ನಾಟಿಂಗ್‌ಹ್ಯಾಂ ವಿಶ್ವವಿದ್ಯಾಲಯದವರು ಮಾಡಿದ ಕ್ಯಾಮೆರಾದಲ್ಲಿ ಮಾಮೂಲಿ ಚಿತ್ರ ಮತ್ತು ಗಾಮಾ ಚಿತ್ರ ಒಂದರ ಮೇಲೊಂದು ಕೂರುತ್ತವೆ. ಮ್ಯೂನಿಕ್‌ನ ಫ್ರೀಹ್ಯಾಂಡ್ ಸ್ಪೆಕ್ಟ್ ಬೇರೆ ದಾರಿ. ಪ್ರೋಬ್ ಎಲ್ಲಿದೆ, ಯಾವ ಕಡೆ ತಿರುಗಿದೆ ಅಂತ ಇನ್ನೊಂದು ಕ್ಯಾಮೆರಾ ನೋಡುತ್ತಿರುತ್ತದೆ, ಕೈ ಆಡಿಸುತ್ತಾ ಹೋದರೆ ಆಳ ಸಮೇತ ಮೂರು ಆಯಾಮದ ಚಿತ್ರ.

ಕತ್ತರಿ ಕೈ:
ಸರಿ, ಕುತ್ತಿಗೆ ಒಪ್ಪಿದೆ. ಕಂಕುಳಿಗೆ ಇನ್ನೂ ಒಪ್ಪಿಲ್ಲ. ಆದರೆ ಒಂದು ಕೇಸ್ ನೆನಪಾಗುತ್ತಿದೆ. ಮೊದಲೇ ಒಮ್ಮೆ ಕಂಕುಳು ಸರ್ಜರಿ ಆಗಿದ್ದವರು, ಅದೇ ಸ್ತನದಲ್ಲಿ ಮತ್ತೆ ಗಡ್ಡೆ. ಹಳೇ ದಾರಿ ಮುಚ್ಚಿಹೋಗಿ ಔಷಧ ಎದೆಮೂಳೆ ಪಕ್ಕದ ನೋಡ್‌ಗೆ ಹರಿದಿತ್ತು. ನಾನು ಕಂಕುಳಲ್ಲಿ ಪ್ರೋಬ್ ಇಟ್ಟು ಅರ್ಧ ಗಂಟೆ ಒದ್ದಾಡಿದೆ. ಬೆಳಗಿನ ಚಿತ್ರವನ್ನು ಸರಿಯಾಗಿ ನೋಡಿಕೊಳ್ಳದೆ ಹೋದದ್ದು ನನ್ನದೇ ತಪ್ಪು. ಅವತ್ತು ಕ್ಯಾಮೆರಾ ಇದ್ದಿದ್ದರೆ ಮೊದಲ ನಿಮಿಷದಲ್ಲೇ ಗೊತ್ತಾಗುತ್ತಿತ್ತು.

ಟೆಕ್ನಾಲಜಿಸ್ಟ್ ಅವರೇ, ಒಂದು ಚಿತ್ರಕ್ಕೆ ಎಷ್ಟು ಹೊತ್ತು ಹಿಡಿಯುತ್ತೀರಿ?

ಆರು ಗಂಟೆ ಅರ್ಧಾಯುಷ್ಯ:
ಕೊಯ್ಯುವ ಮೊದಲು 30 ಸೆಕೆಂಡ್ ಸಾಕಾಗುತ್ತದೆ. ತೆಗೆದಾದ ಮೇಲೆ 60. 'ಖಾಲಿ' ಅಂತ ಹೇಳಬೇಕಲ್ಲ, ಅದಕ್ಕೆ ಜಾಸ್ತಿ ಹೊತ್ತು ಬೇಕು. ಕೈಯಲ್ಲಿ ಹಿಡಿದರೆ ಅಷ್ಟು ಹೊತ್ತು ಅಲುಗಾಡದೆ ಇರುವುದು ಕಷ್ಟ, ಸ್ಟ್ಯಾಂಡ್ ಇದ್ದರೆ ಒಳ್ಳೆಯದು. ಈಗ ನನ್ನ ಕ್ರಮ ಹೀಗಿದೆ: ಮೊದಲ ಚಿತ್ರ ಕೊಯ್ಯುವ ಮೊದಲು, ಅದರಲ್ಲಿ ಎಷ್ಟು ಚುಕ್ಕೆ ಅಂತ ಎಲ್ಲರಿಗೂ ಕೇಳುವ ಹಾಗೆ ಜೋರಾಗಿ ಹೇಳುತ್ತೇನೆ. ಎರಡನೆಯದು ತೆಗೆದ ಮೇಲೆ, ಅದೇ ದೂರ, ಅದೇ ಕೋನ, ನೋಡ್‌ಗಳಿರುವ ಟ್ರೇ ರೂಮಿನ ಆಚೆ ತುದಿಯಲ್ಲಿ. ಹೊಸ ಚುಕ್ಕೆ ಕಂಡರೆ ಬಾಯಿ ಬಿಡುವ ಮೊದಲು ಕೋನ ಬದಲಿಸಿ ಇನ್ನೊಂದು ಚಿತ್ರ. ಮೈಯೊಳಗಿನದಾದರೆ ಗಾಯದ ಜೊತೆಯೇ ಜರುಗುತ್ತದೆ, ಡ್ರೇಪ್ ಮೇಲಿನದಾದರೆ ಎಲ್ಲಿಗೋ ಹಾರುತ್ತದೆ.

ನಿನ್ನೆ ಒಂದು ಕೇಸ್. ಮೂರು ಚುಕ್ಕೆ ಅಂದಿದ್ದೆ, ಎರಡು ನೋಡ್ ಹೊರಗೆ ಬಂದಿತ್ತು. ಪ್ರೋಬ್ ಸುಮ್ಮನಾಗಿತ್ತು. ಎರಡನೇ ಚಿತ್ರದಲ್ಲಿ ಮಂಕಾಗಿ ಒಂದು, ಕೋನ ಬದಲಿಸಿದರೂ ಅಲ್ಲೇ. ಅದೇ ನಗುವ ಸರ್ಜನ್. ಈ ಸಲ ನಗಲಿಲ್ಲ, ರಿಟ್ರಾಕ್ಟರ್ ಕೆಳಗೆ ಪ್ರೋಬ್ ತೂರಿಸಿದರು, ಸದ್ದು ಬಂತು. ರಿಟ್ರಾಕ್ಟರ್ ಲೋಹವೇ ಅಡ್ಡ ನಿಂತಿತ್ತು. ಪ್ಯಾಥಾಲಜಿ ರಿಪೋರ್ಟ್ ಇನ್ನೂ ಬಂದಿಲ್ಲ.

ಕತ್ತರಿ ಕೈ:
ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ. ಏನೂ ಇಲ್ಲ ಅಂತ ಬಂದರೂ ಬರೆಯಿರಿ.

ಓಟಿ ಸಿಸ್ಟರ್:
ಮತ್ತೆ ಕವರ್ ತರಿಸುವಾಗ ಒಂದು ಕೇಸಿಗೆ ಎರಡು ಅಂತ ಬರೆಸಿ. ಮೊದಲನೆಯದು ಟವೆಲ್ ಕ್ಲಿಪ್‌ಗೆ ಸಿಕ್ಕಿ ಹರಿಯುತ್ತದೆ.